ಪೋಂ ಪೋಂ ಸದ್ದು ಅಡಗಿದಾಗ

ಗೋವಾದ ಊರುಗಳಲ್ಲಿ ಬೆಳಗಿನ ಪಾವ್ ತರುವ ‘ಪೊದೇರ’ನಿಗೆ ಮನೆಮನೆಯ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಸೈಕಲ್ಲಿನ ಹ್ಯಾಂಡಲಿಗೆ ಬಿಗಿದ ರಬ್ಬರ್ ಬುರುಡೆಯನ್ನು ಬೀದಿಯ ತಿರುವಿನಲ್ಲಿ ಎರಡು ಸಲ ಹಿಸುಕಿದರೆ ಸಾಕು, ಚೀಲ ಹಿಡಿದವರು ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಹಿಂದೆ ಇದೇ ಪೊದೇರ ಲೋಹದ ಬಿಲ್ಲೆಗಳನ್ನು ಸಿಕ್ಕಿಸಿದ ಬಿದಿರಿನ ಕೋಲನ್ನು ನೆಲಕ್ಕೆ ಕುಟ್ಟುತ್ತ, ಝಲ್ ಝಲ್ ಎನಿಸುತ್ತ ನಡೆದು ಬರುತ್ತಿದ್ದ. ಸೈಕಲ್ಲು ಬಂದ ಮೇಲೆ ಕೋಲು ಹೋಯಿತು, ಹಾರ್ನು ಬಂತು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಮೀನು ಮಾರುವವರಿಗೂ, ಬಯಲುಸೀಮೆಯ ಬೇಸಿಗೆಯಲ್ಲಿ ಐಸ್‌ಕ್ಯಾಂಡಿ ಡಬ್ಬ ಹೊತ್ತು ಬರುತ್ತಿದ್ದ ಸೈಕಲ್ಲಿನವರಿಗೂ ಇದೇ ಹಾರ್ನು ಬಾಯಿ. ಅದು ಕೆಟ್ಟರೆ ಕೂಗಬೇಕು. ಕೂಗಿ ಕೂಗಿ ಗಂಟಲು ಹೋದರೆ ಮಾಲು ಉಳಿಯುತ್ತದೆ. ಪಾವ್ ಮಧ್ಯಾಹ್ನಕ್ಕೆ ಒಣಗುತ್ತದೆ, ಮೀನು ಅಷ್ಟು ಹೊತ್ತೂ ಕಾಯುವುದಿಲ್ಲ, ಐಸ್‌ಕ್ಯಾಂಡಿಯ ವಿಷಯ ಹೇಳುವುದೇ ಬೇಡ.

ಹೀಗೆ ದಿನದ ದುಡಿಮೆಯನ್ನೇ ನೆಚ್ಚಿಕೊಂಡಿರುವ ಈ ಸಣ್ಣ ಉಪಕರಣದ ಒಳಗೆ ಇರುವುದಾದರೂ ಏನು? ಒಂದು ರಬ್ಬರ್ ಬುರುಡೆ, ಒಂದು ಹಿತ್ತಾಳೆಯ ನಾಲಿಗೆ, ಒಂದು ಕಹಳೆ. ಬುರುಡೆ ಕಮ್ಮಾರನ ತಿದಿಯ ಕೆಲಸ ಮಾಡುತ್ತದೆ. ಹಿಸುಕಿದಾಗ ನುಗ್ಗಿದ ಗಾಳಿ, ಸಣ್ಣ ಕಿಂಡಿಯೊಂದರ ಮೇಲೆ ತುಸು ಎತ್ತಿಕೊಂಡು ಕೂತಿರುವ ಹಿತ್ತಾಳೆಯ ತೆಳು ಪಟ್ಟಿಯನ್ನು ಒತ್ತಿ ಕಿಂಡಿ ಮುಚ್ಚುತ್ತದೆ. ಪಟ್ಟಿ ತನ್ನ ಬಿಗುವಿನಿಂದ ಮತ್ತೆ ಏಳುತ್ತದೆ. ಗಾಳಿ ಮತ್ತೆ ಒತ್ತುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ತಿಕ್ಕಾಟವೇ ಸದ್ದು. ಕಹಳೆ ಅದನ್ನು ದೊಡ್ಡದು ಮಾಡಿ ಬೀದಿಗೆ ಕಳಿಸುತ್ತದೆ. ಹಾರ್ಮೋನಿಯಂ ಮತ್ತು ಶ್ರುತಿಪೆಟ್ಟಿಗೆಯ ರೀಡು ಇದರ ದಾಯಾದಿ. ಅಲ್ಲಿ ನಾಲಿಗೆ ಕಿಂಡಿಯೊಳಗೆ ತಾಗದೆ ಓಡಾಡುತ್ತದೆ. ಇಲ್ಲಿ ಅದು ಕಿಂಡಿಯ ಅಂಚಿಗೆ ಬಡಿಯುತ್ತದೆ. ಒಂದರ ದನಿ ಮೆದು, ಇನ್ನೊಂದರದು ಒರಟು ಎನಿಸುವುದಕ್ಕೆ ಈ ಬಡಿತ ಮುಖ್ಯ ಕಾರಣ. ಶಂಖ, ಕೊಂಬು, ಕಹಳೆಗಳಲ್ಲಿ ಊದುವವನ ತುಟಿಯೇ ಈ ನಾಲಿಗೆಯಾಗಿರುತ್ತದೆ. ನಾಗಸ್ವರದಲ್ಲಿ ಸೀವಾಳಿ. ನಾಗಸ್ವರದವರು ಬಿಡಿ ಸೀವಾಳಿಗಳನ್ನು ದಾರಕ್ಕೆ ಕಟ್ಟಿ ವಾದ್ಯಕ್ಕೇ ತೂಗುಹಾಕಿಕೊಂಡಿರುವುದನ್ನು ಮದುವೆ ಮನೆಗಳಲ್ಲಿ ಕಂಡವರಿಗೆ ಗೊತ್ತು: ಗಾಳಿಯ ವಾದ್ಯದಲ್ಲಿ ಮೊದಲು ಕೈಕೊಡುವುದು ನಾಲಿಗೆ ಎಂಬುದು ಅವರಿಗೆ ಪರಂಪರೆಯಿಂದ ಬಂದ ತಿಳಿವಳಿಕೆ.

ಸೈಕಲ್ಲು ಮೊದಲಿನಿಂದಲೂ ಸದ್ದಿಲ್ಲದ ವಾಹನವಾಗಿರಲಿಲ್ಲ. 1870ರ ದಶಕದ ಎತ್ತರದ ಮುಂಚಕ್ರದ ಸೈಕಲ್ಲುಗಳಿಗೆ ಇದ್ದದ್ದು ಗಟ್ಟಿ ರಬ್ಬರಿನ ಪಟ್ಟಿ. ಅದಕ್ಕೂ ಹಿಂದಿನವಕ್ಕೆ ಕಬ್ಬಿಣದ ಪಟ್ಟಿ. ಕಲ್ಲುಹಾಸಿನ ಬೀದಿಯಲ್ಲಿ ಅವು ಗಡಗಡ ಬರುವುದು ದೂರದಿಂದಲೇ ಕೇಳುತ್ತಿತ್ತು. ಆದರೂ ಬ್ರಿಟನ್ ಮತ್ತು ಅಮೆರಿಕದ ಸೈಕಲ್ ಕ್ಲಬ್ಬುಗಳು ಸವಾರಿ ಹೊರಟಾಗ ಸೈನ್ಯದ ತುಕಡಿಯಂತೆ ಒಬ್ಬ ಕ್ಯಾಪ್ಟನ್, ಜೊತೆಗೆ ಒಬ್ಬ ಬ್ಯೂಗಲ್ ಊದುವವನು ಇರುತ್ತಿದ್ದರು. ಹತ್ತು, ಇಳಿ, ನಿಲ್ಲು ಎಂಬ ಆಜ್ಞೆಗಳೆಲ್ಲ ಬ್ಯೂಗಲ್ಲಿನಲ್ಲೇ. ಅಷ್ಟು ಎತ್ತರದ ಸೈಕಲ್ಲಿನ ಮೇಲೆ ಒಂದು ಕೈ ಬಿಟ್ಟು ಬ್ಯೂಗಲ್ ಊದುತ್ತಿದ್ದವನ ಧೈರ್ಯವನ್ನು ಮೆಚ್ಚಲೇಬೇಕು.

1888ನೆಯ ವರ್ಷ ಈ ಕತೆಯಲ್ಲಿ ಎರಡು ಕಾರಣಗಳಿಗೆ ಮುಖ್ಯ. ಆ ವರ್ಷ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಚಕ್ರದ ಸೈಕಲ್ಲಿಗಾಗಿ ಮಾಡಿದ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. (ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲೇ ಇಂಥದಕ್ಕೆ ಪೇಟೆಂಟ್ ಪಡೆದಿದ್ದನೆಂದು ತಿಳಿದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು, ಅದು ಬೇರೆ ಮಾತು.) ಅದೇ ವರ್ಷ ಬ್ರಿಟನ್ನಿನ ಸ್ಥಳೀಯ ಆಡಳಿತ ಕಾಯ್ದೆ ಸೈಕಲ್ಲನ್ನು ಗಾಡಿಗಳ ಸಾಲಿಗೆ ಸೇರಿಸಿತು, ಪಾದಚಾರಿಯನ್ನೋ ಗಾಡಿಯನ್ನೋ ದಾಟುವ ಮುನ್ನ ಗಂಟೆಯಿಂದಲೋ ಸೀಟಿಯಿಂದಲೋ ಇನ್ನಾವುದಾದರೂ ಬಗೆಯಲ್ಲೋ ಕೇಳಿಸುವಂತೆ ಎಚ್ಚರಿಕೆ ಕೊಡಬೇಕೆಂದು ವಿಧಿಸಿತು. ಗಾಳಿಯ ಟಯರು ಸೈಕಲ್ಲಿನ ಸದ್ದನ್ನು ಅಡಗಿಸಿದ ವರ್ಷವೇ ಕಾನೂನು ಸದ್ದು ಮಾಡು ಎಂದಿತು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಹಾರ್ನು ಏಕೆ ಬೇಕಾಯಿತೆಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿವರಣೆ ಸಿಗದು. ಟಯರಿಗೆ ತುಂಬಿದ ಗಾಳಿ ಕಿತ್ತುಕೊಂಡದ್ದನ್ನು ಬುರುಡೆಗೆ ತುಂಬಿದ ಗಾಳಿ ಹಿಂದಿರುಗಿಸಬೇಕಾಯಿತು.

ಮೋಟಾರು ಗಾಡಿಗಳದೂ ಇದೇ ಹಾದಿ. 1865ರ ಬ್ರಿಟಿಷ್ ಕಾನೂನಿನ ಪ್ರಕಾರ ಯಂತ್ರದ ಗಾಡಿಯ ಮುಂದೆ ಕೆಂಪು ಬಾವುಟ ಹಿಡಿದು ಒಬ್ಬ ನಡೆಯಬೇಕಿತ್ತು. ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ. ಅದಕ್ಕಿಂತ ವೇಗ ಕೂಡದು. ಬಾವುಟದವನು ಮುಂದೆ ಇದ್ದಾಗ ಹಾರ್ನಿನ ಅಗತ್ಯವೇ ಇರಲಿಲ್ಲ ಎನ್ನಬಹುದು. 1896ರಲ್ಲಿ ಹಗುರ ಗಾಡಿಗಳಿಗೆ ಈ ಕಟ್ಟುಪಾಡು ತೆಗೆದಾಗ, ಬದಲಿಗೆ ಗಂಟೆ ಅಥವಾ ಬೇರಾವುದೇ ಎಚ್ಚರಿಕೆಯ ಸಾಧನ ಇರಲೇಬೇಕೆಂದು ಸೇರಿಸಿದರು. ಮನುಷ್ಯನ ಜಾಗಕ್ಕೆ ಬುರುಡೆ ಬಂತು. ಕೆಲವೇ ವರ್ಷಗಳಲ್ಲಿ ಉದ್ದನೆಯ ಹಾವಿನಂಥ ಕೊಳವೆ, ಅದರ ತುದಿಗೆ ಹಿತ್ತಾಳೆಯ ಕಹಳೆ, ಚಾಲಕನ ಕೈಗೆಟಕುವಲ್ಲಿ ಕಪ್ಪು ಬುರುಡೆ, ಇದು ಕಾರಿನ ಲಕ್ಷಣವೇ ಆಗಿಹೋಯಿತು. ನಮ್ಮ ಹಳೆಯ ಬಸ್ಸು ಲಾರಿಗಳ ಚಾಲಕನ ಕಿಟಕಿಯ ಹೊರಗೆ ತೂಗುತ್ತಿದ್ದದ್ದೂ, ಆಟೋರಿಕ್ಷಾಗಳಲ್ಲಿ ಬಹುಕಾಲ ಉಳಿದುಬಂದದ್ದೂ ಇದರದೇ ಸಂತಾನ.

ಇಂಥ ಹಾರ್ನಿಗೆ ಸಂಗೀತ ಕಛೇರಿಯಲ್ಲಿ ಜಾಗ ಸಿಕ್ಕಿದ್ದು ಕುತೂಹಲದ ಪ್ರಸಂಗ. ಅಮೆರಿಕದ ಸಂಗೀತಗಾರ ಜಾರ್ಜ್ ಗರ್ಶ್ವಿನ್ ಪ್ಯಾರಿಸ್ಸಿನ ಟ್ಯಾಕ್ಸಿಗಳ ಸದ್ದಿಗೆ ಮಾರುಹೋಗಿ ಅಲ್ಲಿಂದ ಬುರುಡೆ ಹಾರ್ನುಗಳನ್ನು ಕೊಂಡು ತಂದ. 1928ರ ಡಿಸೆಂಬರ್ 13ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ನುಡಿಸಲಾದ ಅವನ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ ಕೃತಿಯಲ್ಲಿ ನಾಲ್ಕು ಟ್ಯಾಕ್ಸಿ ಹಾರ್ನುಗಳಿವೆ. ಬರೆದ ಹಾಳೆಯಲ್ಲಿ ಅವುಗಳಿಗೆ ಎ, ಬಿ, ಸಿ, ಡಿ ಎಂಬ ಗುರುತುಗಳಿದ್ದವು. ಪಾಶ್ಚಾತ್ಯ ಪದ್ಧತಿಯಲ್ಲಿ ಇವೇ ಅಕ್ಷರಗಳು ಸ್ವರಗಳ ಹೆಸರೂ ಹೌದಲ್ಲ! ಹೀಗಾಗಿ ಹಲವು ದಶಕಗಳ ಕಾಲ ವಾದ್ಯವೃಂದಗಳು ಆ ನಾಲ್ಕು ಸ್ವರಗಳಿಗೆ ಕೂಡಿಸಿದ ಹಾರ್ನುಗಳನ್ನೇ ಬಳಸಿದವು. 2016ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಗೀತ ವಿದ್ವಾಂಸ ಮಾರ್ಕ್ ಕ್ಲೇಗ್, ಅವು ಸ್ವರಗಳಲ್ಲ, ಒಂದನೆಯ ಹಾರ್ನು ಎರಡನೆಯ ಹಾರ್ನು ಎಂಬಂಥ ಬರೀ ಗುರುತುಗಳಿರಬೇಕು ಎಂದು ವಾದಿಸಿದರು. 1929ರಲ್ಲಿ ಗರ್ಶ್ವಿನ್ ಇದ್ದಾಗಲೇ ಆದ ಧ್ವನಿಮುದ್ರಿಕೆಯಲ್ಲಿ ಕೇಳುವ ಹಾರ್ನಿನ ಸ್ವರಗಳು ಬೇರೆಯೇ ಇವೆ. ಗರ್ಶ್ವಿನ್ ಆ ಹಾರ್ನುಗಳ ಜೊತೆ ನಿಂತ ಛಾಯಾಚಿತ್ರವೂ ಇದೆ. ಎಲ್ಲರೂ ಅವರ ವಾದವನ್ನು ಒಪ್ಪಿಲ್ಲ. ಆದರೂ, ಬೀದಿಯ ಹಾರ್ನಿಗೂ ಒಂದು ನಿರ್ದಿಷ್ಟ ಸ್ವರ ಇರುತ್ತದೆ, ಆ ಸ್ವರ ನಾಲಿಗೆಯ ಉದ್ದ, ದಪ್ಪ, ಬಿಗುವುಗಳಿಂದ ಹುಟ್ಟುತ್ತದೆ ಎಂಬುದನ್ನು ಈ ಚರ್ಚೆ ನೆನಪಿಸಿತು. ರಿಪೇರಿ ಮಾಡುವವನಿಗೆ ಈ ಮಾತು ಉಪಯೋಗಕ್ಕೆ ಬರುತ್ತದೆ. ದಿನವೂ ಕೇಳುವ ಹಾರ್ನಿನ ಸ್ವರ ಒಂದು ದಿನ ಇದ್ದಕ್ಕಿದ್ದಂತೆ ತಗ್ಗಿದರೆ, ನಾಲಿಗೆಯ ಬುಡದಲ್ಲಿ ಕೂದಲೆಳೆಯ ಸೀಳು ಬಿಟ್ಟಿರುವ ಸಾಧ್ಯತೆಯಿದೆ, ಇಲ್ಲವೇ ತುದಿಗೆ ಕೊಳೆ ಕಟ್ಟಿ ಭಾರ ಹೆಚ್ಚಿದೆ. ಕೊಳೆಯಾದರೆ ಒರೆಸಿದರೆ ಹೋಗುತ್ತದೆ. ಸೀಳಾದರೆ ಹಾರ್ನು ಹೆಚ್ಚು ದಿನ ಬಾಳದು. ಹಾರ್ಮೋನಿಯಂ ರಿಪೇರಿಯವರು ಬಿರುಕು ಬಿಟ್ಟ ರೀಡನ್ನು ಗುರುತಿಸುವುದೂ ಹೀಗೇ.

ಹಾರ್ನು ಮೂಕವಾಗುವುದಕ್ಕೆ ಕಾರಣಗಳು ಹಲವಾದರೂ ಹುಡುಕುವ ದಾರಿ ಕಷ್ಟದ್ದಲ್ಲ. ಮೊದಲು ಕಹಳೆಯ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಬುರುಡೆ ಹಿಸುಕಬೇಕು. ಬುರುಡೆ ಎದುರು ನಿಂತರೆ ಗಾಳಿ ಎಲ್ಲೂ ಸೋರುತ್ತಿಲ್ಲ, ದೋಷ ನಾಲಿಗೆಯದು. ಬುರುಡೆ ಸುಮ್ಮನೆ ಕುಸಿದರೆ ಗಾಳಿ ಬೇರೆ ದಾರಿ ಕಂಡುಕೊಂಡಿದೆ: ಬುರುಡೆಯಲ್ಲೇ ಬಿರುಕಿರಬೇಕು, ಅಥವಾ ಬುರುಡೆ ಮತ್ತು ಹಿತ್ತಾಳೆ ಕೂಡುವ ಕುತ್ತಿಗೆ ಸಡಿಲವಾಗಿರಬೇಕು. ಸೈಕಲ್ ಶಾಪಿನ ನೀರಿನ ಬಾಣಲೆಯಲ್ಲಿ ಬುರುಡೆಯನ್ನಷ್ಟೇ ಮುಳುಗಿಸಿ ಹಿಸುಕಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಟ್ಯೂಬಿನ ಪಂಕ್ಚರ್ ಹುಡುಕುವ ವಿದ್ಯೆಯೇ ಇದು, ಬೇರೆ ಕಲಿಯಬೇಕಾದ್ದಿಲ್ಲ.

ನಾಲಿಗೆಯ ದೋಷಗಳಲ್ಲಿ ಸಾಮಾನ್ಯವಾದದ್ದು ಧೂಳು. ಏಕೆಂದರೆ ಈ ಹಾರ್ನು ಉಸಿರು ಬಿಡುವ ಬಾಯಿಂದಲೇ ಸಾಮಾನ್ಯವಾಗಿ ಉಸಿರು ಎಳೆದುಕೊಳ್ಳುತ್ತದೆ. ಹಿಸುಕಿ ಬಿಟ್ಟ ಬುರುಡೆ ಉಬ್ಬುವಾಗ ಕಹಳೆಯ ಮೂಲಕ ಬೀದಿಯ ಗಾಳಿಯನ್ನು, ಅದರ ಜೊತೆ ಬೀದಿಯ ಮಣ್ಣನ್ನೂ ಮಳೆಯ ಹನಿಯನ್ನೂ ಒಳಗೆಳೆಯುತ್ತದೆ. ಒಂದು ಮರಳಿನ ಕಣ ನಾಲಿಗೆ ಮತ್ತು ಕಿಂಡಿಯ ನಡುವೆ ಸಿಕ್ಕಿಕೊಂಡರೆ ಬರುವುದು ಬರೀ ‘ಸ್’ ಎಂಬ ಉಸಿರು. ತೆಳುವಾದ ಕಾಗದವನ್ನು ನಾಲಿಗೆಯಡಿ ತೂರಿಸಿ ಮೆಲ್ಲಗೆ ಎಳೆದರೆ ಕಣ ಹೊರಬರುತ್ತದೆ. ಚಾಕು, ಮೊಳೆ ಹಾಕಿ ಕೆದಕಿದರೆ ಪಟ್ಟಿ ಬಾಗಿ ಕೆಲಸ ಕೆಡುತ್ತದೆ. ನಾಲಿಗೆ ಕಿಂಡಿಗೆ ತೀರಾ ಅಂಟಿಕೊಂಡರೆ ಗಾಳಿ ಅದನ್ನು ಮುಚ್ಚಿಯೇ ಬಿಡುತ್ತದೆ, ಸದ್ದು ಹುಟ್ಟದು. ತೀರಾ ಎದ್ದುಕೊಂಡರೆ ಗಾಳಿ ಪಕ್ಕದಿಂದ ಜಾರಿ ಹೋಗುತ್ತದೆ, ಆಗಲೂ ಸದ್ದಿಲ್ಲ. ಇವೆರಡರ ನಡುವಿನ ಅಂತರ ಕಾಗದದ ದಪ್ಪದ ಲೆಕ್ಕದ್ದು. ಕರಾವಳಿಯಲ್ಲಿ ಇದರ ಮೇಲೆ ಉಪ್ಪುಗಾಳಿಯ ಕಾಟ. ಮೀನಿನ ಬುಟ್ಟಿಯ ಉಪ್ಪುನೀರೂ ಸೇರಿ ಹಿತ್ತಾಳೆ ಹಸಿರು ಕಿಲುಬು ಹಿಡಿದು ಪಟ್ಟಿಯ ಬಿಗುವನ್ನು ತಿನ್ನುತ್ತದೆ. ಕಹಳೆಯ ಬಾಯಿ ತುಸು ಕೆಳಮುಖವಾಗಿರುವಂತೆ ಹ್ಯಾಂಡಲಿಗೆ ಬಿಗಿದರೆ ಮಳೆನೀರು ಒಳಗೆ ನಿಲ್ಲುವುದಿಲ್ಲ. ಚೆಂದ ಕಾಣಲೆಂದು ಮೇಲ್ಮುಖವಾಗಿ ಬಿಗಿದ ಹಾರ್ನು ಮಳೆಗಾಲದಲ್ಲಿ ಬಟ್ಟಲಾಗುತ್ತದೆ.

ರಬ್ಬರಿನ ಕತೆ ಇದಕ್ಕಿಂತ ಸಂಕಟದ್ದು. ಹಸಿ ರಬ್ಬರು ಬಿಸಿಲಿಗೆ ಅಂಟಂಟು, ಚಳಿಗೆ ಗಟ್ಟಿ. ಗಂಧಕ ಬೆರೆಸಿ ಕಾಯಿಸಿದರೆ ಈ ಚಪಲಚಿತ್ತ ಹೋಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1844ರಲ್ಲಿ ಅಲ್ಲಿ ಪೇಟೆಂಟ್ ಪಡೆಯುವಷ್ಟರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಅರ್ಜಿ ಹಾಕಿಬಿಟ್ಟಿದ್ದ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಏಷ್ಯಾಕ್ಕೆ ಬಂದವು. ಕೇರಳದ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ 1902ರಲ್ಲಿ ತೋಟ ಎದ್ದಿತು. ಮುಂದೆ ದಕ್ಷಿಣ ಕನ್ನಡದ ಗುಡ್ಡಗಳಿಗೂ ರಬ್ಬರ್ ಮರ ಹಬ್ಬಿತು.

ಗಂಧಕ ಸೇರಿದ ರಬ್ಬರಿಗೂ ಆಯುಷ್ಯವಿದೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಅನಿಲ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಸುಮ್ಮನೆ ಬಿದ್ದಿರುವ ರಬ್ಬರಿಗಿಂತ ಎಳೆದ, ಮಡಚಿದ ರಬ್ಬರಿಗೆ ಇದರ ಪೆಟ್ಟು ಹೆಚ್ಚು. ಬುರುಡೆಯ ಕುತ್ತಿಗೆ ಹಿತ್ತಾಳೆಯ ಕೊಳವೆಯ ಮೇಲೆ ಹಿಗ್ಗಿ ಕೂತಿರುತ್ತದಲ್ಲ, ಬಿರುಕು ಮೊದಲು ಕಾಣುವುದು ಅಲ್ಲೇ, ಅದೂ ಎಳೆತಕ್ಕೆ ಅಡ್ಡವಾಗಿ. ತಯಾರಕರು ರಬ್ಬರಿಗೆ ಮೇಣದಂಥ ವಸ್ತು ಬೆರೆಸಿರುತ್ತಾರೆ. ಅದು ನಿಧಾನವಾಗಿ ಹೊರಬಂದು ಮೇಲ್ಮೈಗೆ ತೆಳು ಪೊರೆ ಹೊದಿಸಿ ಕಾಯುತ್ತದೆ. ಬುರುಡೆ ಮಂಕಾಗಿದೆಯೆಂದು ಕೊಬ್ಬರಿ ಎಣ್ಣೆ ತಿಕ್ಕಿ ಹೊಳಪು ತರಿಸುವವರು ಈ ಕಾವಲುಗಾರನನ್ನು ಓಡಿಸಿ ಶತ್ರುವನ್ನು ಕರೆತಂದಂತಾಗುತ್ತದೆ. ಎಣ್ಣೆ ಯಾವುದಾದರೂ ಸಹಜ ರಬ್ಬರು ಅದನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಸೀಮೆಎಣ್ಣೆ, ಗ್ರೀಸುಗಳದೂ ಅದೇ ಫಲ. ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಹಚ್ಚುವ ಬಿಳಿ ಪುಡಿಯೇ ಬುರುಡೆಗೂ ಸರಿ. ನೆರಳು ಇನ್ನೂ ಒಳ್ಳೆಯ ಔಷಧಿ. ಆದರೆ ಬೀದಿ ವ್ಯಾಪಾರಿಯ ಸೈಕಲ್ಲಿಗೆ ನೆರಳು ಎಲ್ಲಿಂದ ತರುವುದು?

ಇನ್ನೊಂದು ಜಾತಿಯ ಹಾರ್ನಿದೆ. ಅದರಲ್ಲಿ ಗಾಳಿಯನ್ನು ಬೇಕಾದಾಗ ಹಿಸುಕುವುದಿಲ್ಲ, ಮೊದಲೇ ಒತ್ತಿ ತುಂಬಿಟ್ಟುಕೊಳ್ಳುತ್ತಾರೆ. ಇದರ ಮೂಲ ಸಮುದ್ರ ತೀರದ್ದು. ಅಮೆರಿಕದ ಸೆಲಡನ್ ಡಾಬೊಲ್ ಎಂಬಾತ 1850ರ ದಶಕದಲ್ಲಿ ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸಲು ಒತ್ತಿದ ಗಾಳಿಯ ಬೃಹತ್ ಕಹಳೆ ರೂಪಿಸಿದ. ಒಳಗೆ ಇದ್ದದ್ದು ಲೋಹದ ನಾಲಿಗೆಯೇ. ರೋಡ್ ಐಲೆಂಡಿನ ಬೀವರ್‌ಟೇಲ್ ದೀಪಸ್ತಂಭದಲ್ಲಿ ಅದಕ್ಕೆ ಗಾಳಿ ತುಂಬುವ ಯಂತ್ರವನ್ನು ತಿರುಗಿಸಲು ಕುದುರೆ ಕಟ್ಟಿದ್ದರು. ಮಂಜು ಕವಿದಾಗಲೆಲ್ಲ ಕುದುರೆ ನಡೆಯಬೇಕು, ಕಹಳೆ ಮೊಳಗಬೇಕು! 1873ರಲ್ಲಿ ವಿಜ್ಞಾನಿ ಜಾನ್ ಟಿಂಡಲ್ ಡೋವರ್ ಬಳಿಯ ಸೌತ್ ಫೋರ್‌ಲ್ಯಾಂಡ್‌ನಲ್ಲಿ ಕಹಳೆ, ಸೈರನ್, ಫಿರಂಗಿಗಳನ್ನು ಹೋಲಿಸಿ ನೋಡಿದಾಗ ವಿಚಿತ್ರವೊಂದು ಕಂಡಿತು. ತಿಳಿಯಾದ ಬಿಸಿಲಿನ ದಿನ ಕೆಲವೇ ಮೈಲಿಯೊಳಗೆ ಸದ್ದು ಸತ್ತುಹೋಗುತ್ತಿತ್ತು, ದಟ್ಟ ಮಂಜಿನ ದಿನ ಬಹುದೂರ ಕೇಳುತ್ತಿತ್ತು. ಬಿಸಿಲಿಗೆ ಕಾದು ಏರುಪೇರಾದ ಗಾಳಿಯ ಪದರಗಳು ಕಣ್ಣಿಗೆ ಕಾಣದ ಮೋಡಗಳಂತೆ ಸದ್ದನ್ನು ಹಿಂದಕ್ಕೆ ತಳ್ಳುತ್ತವೆ ಎಂದು ಅವನು ವಿವರಿಸಿದ. ಹಾರ್ನಿನಲ್ಲಿ ಏನೂ ಕೆಡದಿದ್ದರೂ ಹಾರ್ನು ಸೋಲಬಹುದು ಎಂದಂತಾಯಿತು.

ಒಂದನೆಯ ಮಹಾಯುದ್ಧದಲ್ಲಿ ಈ ಬಗೆಯ ಹಾರ್ನು ಜೀವ ಉಳಿಸುವ ಕೆಲಸಕ್ಕೆ ಬಂತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ಬಿಟ್ಟ ಮೇಲೆ ವಿಷಾನಿಲದ ಮುನ್ಸೂಚನೆ ಕೊಡಲು ಗಂಟೆ, ಖಾಲಿ ಷೆಲ್ಲುಗಳ ಜಾಗಟೆ, ಕ್ಲಾಕ್ಸನ್ ಎಲ್ಲವನ್ನೂ ಬಳಸಿದರು. ಬ್ರಿಟಿಷರ ‘ಸ್ಟ್ರಾಂಬೋಸ್’ ಹಾರ್ನು ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿಯಿಂದ ಮೊಳಗುತ್ತಿತ್ತು, ಮೈಲಿಗಟ್ಟಲೆ ಕೇಳುತ್ತಿತ್ತು. ವಿಷಾನಿಲ ಬಂದಾಗ ಊದುವವನು ಮುಖವಾಡ ಹಾಕಿಕೊಳ್ಳಬೇಕು, ಬ್ಯೂಗಲ್ ಊದಲಾರ. ಸಿಲಿಂಡರಿಗೆ ಮೂಗು ಬಾಯಿಗಳ ಚಿಂತೆಯಿಲ್ಲ.

ಇದರ ಸೈಕಲ್ ರೂಪ ಬಂದದ್ದು ಬಹಳ ತಡವಾಗಿ. ‘ಏರ್‌ಜೌಂಡ್’ ಎಂಬ ಹೆಸರಿನಲ್ಲಿ ಪಶ್ಚಿಮದ ದೇಶಗಳಲ್ಲಿ ಮಾರಾಟವಾದ ಹಾರ್ನಿನಲ್ಲಿ ನೀರಿನ ಬಾಟಲಿಯಂಥ ಪ್ಲಾಸ್ಟಿಕ್ ಪಾತ್ರೆ, ಅದರಿಂದ ಹೊರಟ ಸಣ್ಣ ಕೊಳವೆ, ಹ್ಯಾಂಡಲಿನ ಮೇಲೆ ಗುಂಡಿಯಿರುವ ಪುಟ್ಟ ಕಹಳೆ ಇವೆ. ಸೈಕಲ್ ಪಂಪಿನಿಂದಲೇ ಗಾಳಿ ತುಂಬಬಹುದು. ಮಾರುವವರು ಹೇಳುವ ಸದ್ದು 115 ಡೆಸಿಬೆಲ್. ಕಾರಿನೊಳಗೆ ಕಿಟಕಿ ಮುಚ್ಚಿ ಹಾಡು ಹಾಕಿಕೊಂಡು ಹೋಗುವವನಿಗೆ ಸೈಕಲ್ಲಿನ ಗಂಟೆ ಕೇಳುವುದಿಲ್ಲ, ಇದು ಕೇಳುತ್ತದೆ ಎಂಬುದೇ ಅದರ ಆಕರ್ಷಣೆ. ಇದರಲ್ಲಿ ಹಿತ್ತಾಳೆಯ ನಾಲಿಗೆಯ ಬದಲು ಒಂದು ತೆಳು ಪೊರೆ ಕಹಳೆಯ ಒಳತುದಿಗೆ ಒತ್ತಿಕೊಂಡಿರುತ್ತದೆ. ಗಾಳಿ ಪೊರೆಯನ್ನು ಎತ್ತಿ ಕಹಳೆಗೆ ನುಗ್ಗುತ್ತದೆ, ಒತ್ತಡ ಇಳಿದು ಪೊರೆ ಮತ್ತೆ ಕೂರುತ್ತದೆ. ಮತ್ತದೇ ತಿಕ್ಕಾಟ.

ಇಲ್ಲಿ ಕೆಡುವ ಬಗೆಯೇ ಬೇರೆ. ಬುರುಡೆ ಹಾರ್ನಿಗೆ ಗಾಳಿ ಮುಗಿಯುವ ಭಯವಿಲ್ಲ. ಇದಕ್ಕೆ ಅದೇ ಭಯ. ವಾಲ್ವಿನ ಬಾಯಲ್ಲಿ ಒಂದು ಧೂಳಿನ ಕಣ ಕೂತರೂ ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇರುವುದಿಲ್ಲ. ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಮರುದಿನ ಗುಂಡಿ ಒತ್ತಿ ನೋಡುವುದು ಸರಳ ಪರೀಕ್ಷೆ. ಸದ್ದು ಕುಗ್ಗಿದ್ದರೆ ಸೋರಿಕೆಯಿದೆ. ಆಗ ಸಾಬೂನು ನೀರನ್ನು ವಾಲ್ವಿಗೆ, ಕೊಳವೆಯ ಎರಡೂ ತುದಿಗೆ, ಗುಂಡಿಯ ಬುಡಕ್ಕೆ ಒಂದೊಂದಾಗಿ ಹಚ್ಚಬೇಕು. (ವಾಲ್ವಿಗೆ ಬೆರಳಿನಿಂದ ಉಗುಳು ಹಚ್ಚಿ ಗುಳ್ಳೆ ನೋಡುವ ನಮ್ಮ ಸೈಕಲ್ ಶಾಪುಗಳ ಕ್ರಮ ಶುಚಿಯಲ್ಲದಿದ್ದರೂ ಶಾಸ್ತ್ರಸಮ್ಮತ.) ಮರುದಿನವೂ ಗಾಳಿ ಬಿಗಿಯಾಗಿದ್ದು ಸದ್ದು ಮಾತ್ರ ಗೊಗ್ಗರಾಗಿದ್ದರೆ ಪೊರೆಯನ್ನು ಸಂಶಯಿಸಬೇಕು: ಮಣ್ಣು, ನೀರು, ಅಥವಾ ಪೊರೆಯ ಮುಚ್ಚಳ ಸಡಿಲವಾಗಿರುವುದು.

ನೀರು ಒಳಗೆ ಹೇಗೆ ಬಂತು ಎಂದು ತಬ್ಬಿಬ್ಬಾಗುವವರುಂಟು. ಮಳೆಯೇ ಬೇಕಿಲ್ಲ. ಗಾಳಿಯ ಜೊತೆ ಅದರ ತೇವವನ್ನೂ ಪಂಪು ತುಂಬುತ್ತದೆ. ಚದರಂಗುಲಕ್ಕೆ 80 ಪೌಂಡು ಒತ್ತಡವೆಂದರೆ ಗಾಳಿಯನ್ನು ಆರು ಪಟ್ಟಿಗಿಂತ ಹೆಚ್ಚು ಅದುಮಿದಂತೆ. ಅಷ್ಟು ಅದುಮಿದಾಗ ತೇವ ಹಬೆಯಾಗಿ ಉಳಿಯಲಾರದೆ ಪಾತ್ರೆಯ ಗೋಡೆಗೆ ಹನಿಯಾಗಿ ಕೂರುತ್ತದೆ. ಮಳೆಗಾಲದ ಮಂಗಳೂರಿನಂಥ ಹವೆಯಲ್ಲಿ ಅರ್ಧ ಲೀಟರಿನ ಪಾತ್ರೆಯನ್ನು ಹಾಗೆ ತುಂಬಿದರೆ ಸಲಕ್ಕೊಂದು ಹನಿಯಷ್ಟು ನೀರು ಸೇರುತ್ತದೆ. ದಿನ ಕಳೆದಂತೆ ಅದು ಕೂಡುತ್ತ ಹೋಗುತ್ತದೆ. ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಿ, ತಲೆಕೆಳಗು ಮಾಡಿ ಒಣಗಿಸುವುದೇ ಪರಿಹಾರ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ. 25 ಡಿಗ್ರಿಯಲ್ಲಿ 80 ಪೌಂಡು ತುಂಬಿದ ಪಾತ್ರೆ ಬಿಸಿಲಿನಲ್ಲಿ ನಿಂತು 45 ಡಿಗ್ರಿ ಮುಟ್ಟಿದರೆ ಒತ್ತಡ 86ಕ್ಕೆ ಏರುತ್ತದೆ. ಏರಿಕೆ ದೊಡ್ಡದಲ್ಲ, ಆದರೆ ಮಿತಿಯ ಅಂಚಿನವರೆಗೆ ತುಂಬುವ ಚಾಳಿಯವರಿಗೆ, ಬಿಸಿಲಿಗೆ ಮುಪ್ಪಾದ ಪ್ಲಾಸ್ಟಿಕ್ಕಿನ ವಿಷಯದಲ್ಲಿ, ಅಷ್ಟೇ ಸಾಕು.

ಈ ಹಾರ್ನಿನ ನಿಜವಾದ ಕೊರತೆ ಬೇರೆ ಕಡೆ ಇದೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿಯ ಬ್ರೇಕು ಮಾಡಿದಾಗ ಗಾಳಿ ಕಳಿಸಿದರೆ ಬ್ರೇಕು ಹಿಡಿಯುತ್ತಿತ್ತು. ಕೊಳವೆ ಎಲ್ಲಾದರೂ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಅವನು ಇದನ್ನು ತಿರುವುಮುರುವು ಮಾಡಿದ: ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದರೆ ತಾನಾಗಿ ಹಿಡಿಯುತ್ತದೆ. ಸೋರಿದರೆ ರೈಲು ನಿಲ್ಲುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಹಾರ್ನಿಗೆ ಇಂಥ ಉಪಾಯ ಮಾಡಲು ಬರುವುದಿಲ್ಲ. ಅದು ಸೋರಿದಾಗ ಏನೂ ಆಗುವುದಿಲ್ಲ, ಅದೇ ತೊಂದರೆ. ಎಡಕ್ಕೆ ತಿರುಗುತ್ತಿರುವ ಲಾರಿಯ ಪಕ್ಕದಲ್ಲಿ ಸೈಕಲ್ ಸವಾರ ಗುಂಡಿ ಒತ್ತಿದಾಗಲೇ ಪಾತ್ರೆ ಖಾಲಿ ಎಂದು ತಿಳಿಯುವುದು. ಬುರುಡೆ ಹಾರ್ನು ಕೈಯಲ್ಲಿ ಸಿಕ್ಕಾಗಲೇ ತನ್ನ ಮೆತ್ತನೆ, ಬಿರುಕು ಎಲ್ಲವನ್ನೂ ಹೇಳಿಬಿಡುತ್ತದೆ. ಪ್ಲಾಸ್ಟಿಕ್ ಬಾಟಲಿ ತುಂಬಿದ್ದರೂ ಖಾಲಿಯಾದರೂ ಒಂದೇ ರೀತಿ ಕಾಣುತ್ತದೆ. ಹೀಗಾಗಿ ಮನೆ ಬಿಡುವ ಮುನ್ನ ಒಮ್ಮೆ ಒತ್ತಿ ನೋಡುವುದು, ಎಷ್ಟೇ ದೊಡ್ಡ ಹಾರ್ನಿದ್ದರೂ ಜೊತೆಗೆ ಹಳೆಯ ಗಂಟೆಯನ್ನು ಕಿತ್ತು ಹಾಕದಿರುವುದು ಜಾಣತನ.

ಕಾನೂನು ಈ ಸದ್ದನ್ನು ಎಲ್ಲೆಡೆ ಒಪ್ಪಿಲ್ಲ. ಜರ್ಮನಿಯ ವಾಹನ ನಿಯಮಗಳ ಪ್ರಕಾರ ಸೈಕಲ್ಲಿಗೆ ಸ್ಪಷ್ಟ ದನಿಯ ಗಂಟೆ ಕಡ್ಡಾಯ, ಬೇರೆ ಯಾವ ಸದ್ದಿನ ಸಾಧನವೂ ಕೂಡದು. ಅಲ್ಲಿ ಬುರುಡೆಯೂ ಇಲ್ಲ, ಬಾಟಲಿಯೂ ಇಲ್ಲ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಲವು ಸ್ವರದ, ಕರ್ಕಶವಾದ, ಬೆಚ್ಚಿಬೀಳಿಸುವ ಹಾರ್ನುಗಳನ್ನು ನಿಷೇಧಿಸುತ್ತವೆ; ಆದರೆ ತುಳಿಯುವ ಸೈಕಲ್ಲು ಮೋಟಾರು ವಾಹನವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ಸೇರಿದ ತಿದ್ದುಪಡಿ ನಿಶ್ಶಬ್ದ ವಲಯಗಳಲ್ಲಿ ಯಾವಾಗಲೂ, ವಸತಿ ಪ್ರದೇಶಗಳಲ್ಲಿ ರಾತ್ರಿಯೂ ಹಾರ್ನು ಬೇಡವೆನ್ನುತ್ತದೆ. ಬೀದಿಯ ಲಾರಿ ಕಾರುಗಳ ಹಾರ್ನು ಜೋರಾದಷ್ಟೂ ಸೈಕಲ್ಲಿನವನೂ ಜೋರಾದ ಹಾರ್ನು ಹುಡುಕುತ್ತಾನೆ ಎಂಬುದನ್ನು ಮಾತ್ರ ಯಾವ ನಿಯಮವೂ ಗಮನಿಸಿದಂತಿಲ್ಲ. ಇತ್ತ ತಳ್ಳುಗಾಡಿಗಳಲ್ಲಿ ಧ್ವನಿಮುದ್ರಿಸಿದ ಕೂಗು ಪುಟ್ಟ ಸ್ಪೀಕರಿನಿಂದ ದಿನವಿಡೀ ಹೊರಡತೊಡಗಿ ಬುರುಡೆ ಹಾರ್ನು ಹಲವು ಬೀದಿಗಳಿಂದ ಸರಿದಿದೆ. ಅದರ ಬ್ಯಾಟರಿ ಸತ್ತಾಗ ಹೇಗೆ ಹುಡುಕುವುದೆಂಬುದು ಸೈಕಲ್ ಶಾಪಿನವನಿಗೆ ತಿಳಿದ ವಿದ್ಯೆಯಲ್ಲ.

1896ರ ಕಾಯ್ದೆ ಜಾರಿಯಾದ ಸಂಭ್ರಮಕ್ಕೆ ಆ ವರ್ಷದ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್‌ಗೆ ಮೋಟಾರು ಗಾಡಿಗಳ ಮೆರವಣಿಗೆ ಹೊರಟಿತ್ತು. 1927ರಲ್ಲಿ ಅದರ ನೆನಪಿನ ಓಟ ಶುರುವಾಯಿತು. 1905ಕ್ಕಿಂತ ಹಿಂದಿನ ಗಾಡಿಗಳಿಗೆ ಮಾತ್ರ ಪ್ರವೇಶ. ಆ ಮುದಿ ಕಾರುಗಳ ಹಿತ್ತಾಳೆ ಕಹಳೆಗಳಿಗೆ ನೂರಿಪ್ಪತ್ತು ವರ್ಷವಾಗಿದ್ದರೂ ಹುಳಿ ಹಾಕಿ ತಿಕ್ಕಿದರೆ ಹೊಳೆಯುತ್ತವೆ, ನಾಲಿಗೆಯನ್ನು ಸರಿಪಡಿಸಿಕೊಳ್ಳಬಹುದು. ಬುರುಡೆ ಮಾತ್ರ ಅಷ್ಟು ಬಾಳುವುದಿಲ್ಲ. ಹಳೆಯ ಕಾರುಗಳ ಸಾಮಾನು ಮಾರುವವರು ಹೊಸ ರಬ್ಬರ್ ಬುರುಡೆಗಳನ್ನು ಬೇರೆಯಾಗಿಯೇ ಮಾರುತ್ತಾರೆ.